ಪೈಪ್ ಬಿಡಿಸುವ ಪುಡಿಗೆ ‘ಆಸಿಡ್’ ಅನ್ನಬಹುದೇ?

ಶಿರಸಿಯ ನಮ್ಮ ಬಾಡಿಗೆಮನೆಗಳಿಗೆ ಒಂದು ಎಚ್ಚರಿಕೆ ಚೀಟಿ ಬರೆಯುತ್ತಿದ್ದೇನೆ. ಸಿಂಕು, ಬಚ್ಚಲಿನ ಪೈಪು ಕಟ್ಟಿಕೊಂಡಾಗ ಸುರಿಯುವ ಪುಡಿಯ ಬಗ್ಗೆ. ಅದಕ್ಕೊಂದು ಸರಿಯಾದ ಹೆಸರು ಬೇಕು.

ಇಲ್ಲಿ ಅಂಗಡಿಗೆ ಹೋಗಿ ‘ಪೈಪ್ ಬಿಡಿಸೋ ಆಸಿಡ್ ಕೊಡಿ’ ಅಂದರೆ ಬಿಳಿ ಹರಳಿನ ಪೊಟ್ಟಣ ಕೊಡುತ್ತಾರೆ. ಅದು ಆಸಿಡ್ ಅಲ್ಲವೇ ಅಲ್ಲ, ಅದರ ತದ್ವಿರುದ್ಧ. ಹೆಚ್ಚಿನದರಲ್ಲಿ ಇರುವುದು ಕಾಸ್ಟಿಕ್ ಸೋಡಾ, ಕೆಲವದರಲ್ಲಿ ಜೊತೆಗೆ ಅಲ್ಯುಮಿನಿಯಂ ಚೂರು. ನೀರು ತಾಗಿದ ಕೂಡಲೇ ಕುದಿಯುವಷ್ಟು ಬಿಸಿಯಾಗುತ್ತದೆ, ಜಿಡ್ಡು ಸೋಪಾಗುತ್ತದೆ, ಕೂದಲು ಕರಗುತ್ತದೆ. (ಚಳಿಗಾಲದಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟಿ ಪೈಪು ನಿಂತಿದ್ದರೆ ಸುಮ್ನೆ ಬಿಸಿನೀರು ಸಾಕು, ಇದೆಲ್ಲ ಬೇಡ.)

ಕಕ್ಕಸು ತೊಳೆಯುವ ನಿಜವಾದ ಆಸಿಡ್ ಕೂಡ ಅದೇ ಕಪಾಟಿನಲ್ಲಿರುತ್ತದೆ. ಎರಡಕ್ಕೂ ಒಂದೇ ಹೆಸರಾದರೆ ಒಂದರ ಮೇಲೊಂದು ಸುರಿಯುವವರು ಇದ್ದೇ ಇರುತ್ತಾರೆ. ಆಗ ಪೈಪಿನಿಂದ ಉಕ್ಕಿ ಮುಖಕ್ಕೇ ಸಿಡಿಯಬಹುದು. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯಂತೂ ಮನೆಮನೆಯಲ್ಲಿದೆ. ಅದಕ್ಕೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ, ಉಸಿರೇ ಕಟ್ಟುತ್ತದೆ. ಹಾಗಾಗಿ ನನಗೆ ಈ ಹೆಸರಿನ ತಕರಾರು ಬರೀ ವ್ಯಾಕರಣದ್ದಲ್ಲ.

ಆಸಿಡ್‌ನ ತದ್ವಿರುದ್ಧಕ್ಕೆ ‘ಕ್ಷಾರ’ ಅನ್ನುವ ಹೆಸರು ಪಾಠಪುಸ್ತಕದಲ್ಲಿದೆ. ಆದರೆ ಚೀಟಿಯಲ್ಲಿ ಬರೆದರೆ ಅರ್ಧ ಜನ ‘ಖಾರ’ ಅಂತ ಓದುತ್ತಾರೆ. ‘ಖಾರ’ ಅನ್ನುವ ಪದ ಹುಟ್ಟಿದ್ದೂ ‘ಕ್ಷಾರ’ದಿಂದಲೇ, ತಪ್ಪು ಅವರದ್ದಲ್ಲ ಬಿಡಿ. ಬರೀ ‘ಸೋಡಾ’ ಅಂದರೆ ಇನ್ನೂ ಅಪಾಯ: ಅಡುಗೆ ಸೋಡಾ, ಬಟ್ಟೆ ಸೋಡಾ, ಕುಡಿಯುವ ಸೋಡಾ ಎಲ್ಲ ಒಟ್ಟಿಗೆ ಬಂದು ನಿಲ್ಲುತ್ತವೆ. ‘ಚರಂಡಿ ಶುದ್ಧಿಕಾರಕ’ ಅಂತ ಯಾರು ಕೇಳುತ್ತಾರೆ? ನಮಗೆ ಚರಂಡಿ ಅಂದರೆ ರಸ್ತೆ ಬದಿಯದು. ಅದನ್ನು ಗಟಾರ ಅನ್ನುವವರೂ ಇದ್ದಾರೆ. ಮನೆಯೊಳಗಿನದು ಬಚ್ಚಲ ಪೈಪು.

ಕಾರವಾರದವರಿಗೆ ‘ಕಾಸ್ಟಿಕ್’ ಹೊಸದಲ್ಲ. ಅಲ್ಲೇ ಪಕ್ಕದ ಬಿಣಗಾದಲ್ಲಿ ಉಪ್ಪುನೀರಿಗೆ ಕರೆಂಟು ಹಾಯಿಸಿ ಅದನ್ನೇ ತಯಾರಿಸುವ ಕಾರ್ಖಾನೆ ಇದೆಯಲ್ಲ. ಘಟ್ಟದ ಮೇಲೆ ಆ ಮಾತು ಅಷ್ಟು ಓಡಾಡುವುದಿಲ್ಲ. ಆದರೂ ನನ್ನ ಒಲವು ‘ಕಾಸ್ಟಿಕ್ ಪುಡಿ’ ಕಡೆಗೇ. ‘ಪುಡಿ’ ಅಂದರೆ ಬಾಟಲಿಯ ಆಸಿಡ್ ಬೇರೆ ಅಂತ ತಕ್ಷಣ ಹೊಳೆಯುತ್ತದೆ, ಅಲ್ವಾ?

ತೊಡಕು ಒಂದೇ: ಕಾಸ್ಟಿಕ್ ಈಗ ಬಾಟಲಿಯಲ್ಲಿ ದ್ರವವಾಗಿಯೂ ಸಿಗುತ್ತದೆ. ಅದಕ್ಕೆ ಏನನ್ನೋಣ? ಕುಮಟಾ, ಅಂಕೋಲಾ ಕಡೆ ಪ್ಲಂಬರ್‌ಗಳು, ಹಾರ್ಡ್‌ವೇರ್ ಅಂಗಡಿಯವರು ಈ ಪುಡಿ, ದ್ರವ ಎರಡನ್ನು ಬೇರೆ ಬೇರೆ ಹೆಸರಿನಿಂದ ಕರೆಯುತ್ತಾರಾ? ಕೇಳಿದವರು ಇದ್ದರೆ ಅವರು ಹೇಳುವ ಹಾಗೇ ಬರೆದು ತಿಳಿಸಿ, ತಿದ್ದುವುದು ಬೇಡ.