‘ರಶ್‌ಮಿಯರ್’ ಏಕೆ ಇಷ್ಟು ತಗ್ಗಿದ ದನಿಯಲ್ಲಿದೆ?

ಕಾಲ್ತಾಳ:
ಬ್ರಿಟನ್ನಿನ ಜನಪದ-ರಾಕ್ ತಂಡ ಮಮ್‌ಫರ್ಡ್ ಅಂಡ್ ಸನ್ಸ್‌ನ ‘ರಶ್‌ಮಿಯರ್’ ಆಲ್ಬಮ್ 2025ರ ಮಾರ್ಚ್‌ನಲ್ಲಿ ಬಂದಾಗಿನಿಂದ ಕೇಳುತ್ತಿದ್ದೇನೆ. ಮನಸ್ಸು ಇನ್ನೂ ಒಪ್ಪುತ್ತಿಲ್ಲ. ನನಗೆ ಈ ತಂಡವೆಂದರೆ 2009ರ ಆಲ್ಬಮ್ ‘ಸೈ ನೋ ಮೋರ್’. ತಂಡದ ಮುಖ್ಯ ಗಾಯಕ ಮಾರ್ಕಸ್ ಮಮ್‌ಫರ್ಡ್ ಗಿಟಾರ್ ನುಡಿಸಿಕೊಂಡು ಹಾಡುತ್ತಲೇ ಕಾಲಿನಿಂದ ಡ್ರಮ್ ಬಾರಿಸುವುದನ್ನು ವಿಡಿಯೊದಲ್ಲಿ ನೋಡಿ, ನಾನು ಬಾಡಿಗೆ ಕೋಣೆಯಲ್ಲಿ ಊಟದ ಮಣೆಯನ್ನು ತುಳಿಯುತ್ತಾ ಅಭ್ಯಾಸ ಮಾಡಿದವನು. ಕೈ, ಕಾಲು, ಗಂಟಲು ಒಂದು ಲಯಕ್ಕೆ ಬರಲು ಮೂರು ವಾರ ಹಿಡಿಯಿತು. ಪಿಸುಮಾತಿನಂತೆ ಶುರುವಾದ ಹಾಡು ಏರುತ್ತಾ ಏರುತ್ತಾ, ಬ್ಯಾಂಜೊ ಎಂಬ ತಂತಿವಾದ್ಯ, ಕಾಲಿನ ಹೊಡೆತ, ನಾಲ್ವರ ಕೊರಳು ಎಲ್ಲವೂ ಒಟ್ಟಿಗೆ ಭೋರ್ಗರೆಯುವ ಗಳಿಗೆ ಇದೆಯಲ್ಲ, ಅದಕ್ಕಾಗಿಯೇ ನಾನು ಅವರನ್ನು ಹಚ್ಚಿಕೊಂಡದ್ದು. ವರ್ಷದ ಅತ್ಯುತ್ತಮ ಆಲ್ಬಮ್ ಎಂದು ಗ್ರ್ಯಾಮಿ ಪಡೆದ ‘ಬೇಬಲ್’ನಲ್ಲೂ (2012) ಅದು ಇತ್ತು. ‘ರಶ್‌ಮಿಯರ್’ನಲ್ಲಿ ಆ ಗಳಿಗೆಗಾಗಿ ಕಾಯುತ್ತಿರುವಾಗಲೇ ಹಾಡು ಮುಗಿದುಹೋಗುತ್ತದೆ. ಬ್ಯಾಂಜೊ ನುಡಿಸುತ್ತಿದ್ದ ವಿನ್‌ಸ್ಟನ್ ಮಾರ್ಷಲ್ 2021ರಲ್ಲಿ ತಂಡ ಬಿಟ್ಟದ್ದೇ ಇದಕ್ಕೆ ಕಾರಣವೇ?

ಹಳೆಕ್ಯಾಸೆಟ್:
ಅವರೊಬ್ಬರು ಹೋದದ್ದರಿಂದ ಹೀಗಾಯಿತು ಎನ್ನಲಾಗದು. 2015ರ ‘ವೈಲ್ಡರ್ ಮೈಂಡ್’ ಮಾಡುವಾಗ ಮಾರ್ಷಲ್ ತಂಡದಲ್ಲೇ ಇದ್ದರು, ಆದರೂ ಬ್ಯಾಂಜೊ ಬದಿಗಿಟ್ಟು ಎಲೆಕ್ಟ್ರಿಕ್ ಗಿಟಾರ್ ಹಿಡಿದರು. 2018ರ ‘ಡೆಲ್ಟಾ’ದಲ್ಲಿ 14 ಹಾಡುಗಳು, ಒಂದು ಗಂಟೆಗೂ ಮೀರಿದ ದೊಡ್ಡ ಸದ್ದು. ‘ರಶ್‌ಮಿಯರ್’ನಲ್ಲಿ 10 ಹಾಡು, ಸುಮಾರು 35 ನಿಮಿಷ ಅಷ್ಟೇ. ನಿರ್ಮಾಪಕ ಡೇವ್ ಕಾಬ್. ಅವರೇ ನಿರ್ಮಿಸಿದ, ಅಮೆರಿಕದ ಕಂಟ್ರಿ ಗಾಯಕ ಕ್ರಿಸ್ ಸ್ಟೇಪಲ್ಟನ್ ಅವರ ‘ಟ್ರಾವೆಲರ್’ ಆಲ್ಬಮ್ ಕೇಳಿದ್ದರೆ ನಿಮಗೆ ತಿಳಿದಿರುತ್ತದೆ: ಕಾಬ್ ದನಿಗೆ ಅಲಂಕಾರ ಹೊದಿಸುವವರಲ್ಲ. ಇನ್ನು ರಶ್‌ಮಿಯರ್ ಎಂದರೆ ಲಂಡನ್ನಿನ ವಿಂಬಲ್ಡನ್ ಕಾಮನ್‌ನಲ್ಲಿರುವ ಒಂದು ಕೊಳ, ಇವರ ಗೆಳೆತನದ ಮೊದಲ ದಿನಗಳ ಜಾಗ. ಕೊಳದ ದಂಡೆಯಲ್ಲಿ ಕುಳಿತು ಆಡುವ ಮಾತಿಗೆ ಮೈದಾನ ತುಂಬುವ ಗಂಟಲು ಏಕೆ ಬೇಕು?

ಮಳೆಕೊಡೆ:
ನಾನು ಕಾಲ್ತಾಳ ಅವರ ಪಕ್ಷ. ತಗ್ಗಿದ ದನಿ ನನಗೂ ಇಷ್ಟ, ಆದರೆ ಇಲ್ಲಿ ಕೆಲವು ಹಾಡುಗಳು ಒಂದರೊಳಗೊಂದು ಕರಗಿಹೋಗುತ್ತವೆ. ಈ ತಂಡದವರು ಇಂಗ್ಲಿಷ್ ಗಾಯಕಿ ಲಾರಾ ಮಾರ್ಲಿಂಗ್ ಮತ್ತು ರಾಜಸ್ಥಾನದ ಜನಪದ ಕಲಾವಿದರೊಂದಿಗೆ ದೆಹಲಿಯಲ್ಲಿ ಧ್ವನಿಮುದ್ರಿಸಿದ ನಾಲ್ಕು ಹಾಡುಗಳು 2010ರಲ್ಲಿ ಬಂದವು. ಅವುಗಳಲ್ಲಿ ಇನ್ನೊಬ್ಬರ ದನಿಗೆ ಎಡೆ ಬಿಟ್ಟುಕೊಟ್ಟ ಸೌಜನ್ಯವೂ ಇತ್ತು, ಕುಣಿಸುವ ಕಸುವೂ ಇತ್ತು. ಎರಡೂ ಒಟ್ಟಿಗೆ ಇರಬಲ್ಲವು ಎಂದು ತೋರಿಸಿಕೊಟ್ಟವರೇ ಅವರು.

ಕಾಲ್ತಾಳ:
ಇಬ್ಬರಿಗೂ ಧನ್ಯವಾದ. ನಿನ್ನೆ ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ‘ರಶ್‌ಮಿಯರ್’ನ ‘ಮೊನೊಕ್ರೋಮ್’ ಹಾಡನ್ನು ಹೆಡ್‌ಫೋನ್ ಹಾಕಿ ಕೇಳಿ, ಗಿಟಾರಿನಲ್ಲಿ ಬೆರಳಿನಿಂದ ಮೀಟಿ ನೋಡಿದೆ. ಅಭ್ಯಾಸಬಲದಿಂದ ಕಾಲು ನೆಲ ಬಡಿಯಿತು. ಬಡಿದ ಕೂಡಲೇ ಹಾಡು ಕೆಟ್ಟಿತು. ನಿಲ್ಲಿಸಿದೆ. ಆಗ ಗಮನಕ್ಕೆ ಬಂತು, ಲಯ ಎಲ್ಲಿಗೂ ಹೋಗಿಲ್ಲ, ಹೆಬ್ಬೆರಳಿಗೆ ಬಂದು ಕುಳಿತಿದೆ. ಕೆಳಗಿನ ಸ್ವರವನ್ನು ಅದು ಬಿಡದೆ ಮೀಟುತ್ತಿದ್ದರೆ ಉಳಿದ ಬೆರಳುಗಳು ಮೇಲಿನ ತಂತಿಗಳ ಮೇಲೆ ಹಗುರಾಗಿ ಓಡಾಡುತ್ತವೆ. ಇಷ್ಟು ದಿನ ನಾನು ಅದನ್ನು ಕಾಲಿನಲ್ಲಿ ಹುಡುಕುತ್ತಿದ್ದೆ. ‘ಸೈ ನೋ ಮೋರ್’ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. ಆದರೆ ಈ ಹಾಡನ್ನು ಕಲಿಯಲೇಬೇಕು ಅನ್ನಿಸಿದೆ. ಎರಡನೆಯ ಫ್ರೆಟ್‌ನಲ್ಲಿ, ಅಂದರೆ ಗಿಟಾರಿನ ಎರಡನೆಯ ಮನೆಯಲ್ಲಿ, ತಂತಿಗಳನ್ನು ಒತ್ತಿಹಿಡಿಯುವ ಕ್ಯಾಪೊ ಹಾಕಿದರೂ ನನ್ನ ಗಿಟಾರ್ ಹೊಂದುತ್ತಿಲ್ಲ. ತಂತಿಗಳನ್ನು ಯಾವ ಶ್ರುತಿಗೆ ಬಿಗಿಯಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.