ಉಮರ್ ಖಯ್ಯಾಮ್ ನಿಜಕ್ಕೂ ಕವೀನಾ, ಗಣಿತದವನಾ?

ಓದೋ ಹುಚ್ಚು:
ಉಮರ್ ಖಯ್ಯಾಮನ ಪದ್ಯಗಳನ್ನ ಡಿವಿಜಿಯವರು ಕನ್ನಡಕ್ಕೆ ತಂದಿರೋ ಉಮರನ ಒಸಗೆ ಈಗಷ್ಟೇ ಮುಗಿಸ್ದೆ, ಇನ್ನೂ ಅದೇ ಗುಂಗಲ್ಲಿದೀನಿ. ಆಮೇಲೆ ನೆಟ್ಟಲ್ಲಿ ಹುಡುಕಿದ್ರೆ ಎಲ್ಲಾ ಕಡೆ ಇವನು ದೊಡ್ಡ ಗಣಿತಜ್ಞ, ಕ್ಯಾಲೆಂಡರ್ ಮಾಡ್ದೋನು ಅಂತ್ಲೇ ಬರ್ತಿದೆ. ಹಂಗಾದ್ರೆ ಈ ಪದ್ಯಗಳು ಅವನದ್ದೇನಾ? ಗೊತ್ತಿರೋರು ಬಿಡಿಸಿ ಹೇಳಿ ಪ್ಲೀಸ್.

ಲೆಕ್ಕದ ಮೇಷ್ಟ್ರು:
ಮೊದಲು ಗಣಿತದವನೇ, ಅದ್ರಲ್ಲಿ ಎರಡು ಮಾತಿಲ್ಲ. 1048ರಲ್ಲಿ ಇರಾನಿನ ನಿಶಾಪುರದಲ್ಲಿ ಹುಟ್ಟಿದ್ದು. ಘನ ಸಮೀಕರಣ (x³ ಇರೋ ಸಮೀಕರಣ) ಇದ್ಯಲ್ಲ, ಅದನ್ನ ಸೂತ್ರ ಹಾಕಿ ಬಿಡಿಸೋ ದಾರಿ ಆಗ ಇರ್ಲಿಲ್ಲ, ಇವನು ಒಂದು ಪರವಲಯ (ಪ್ಯಾರಾಬೋಲಾ ಅನ್ನೋ ಬಾಗಿದ ರೇಖೆ) ಎಳೆದು ಅದನ್ನ ಕತ್ತರಿಸೋ ಹಾಗೆ ಒಂದು ವೃತ್ತ ಎಳೆದು, ಎರಡೂ ಕೂಡೋ ಬಿಂದುವಿಂದ ಉತ್ತರದ ಉದ್ದ ತೆಗೆದ! ಋಣ ಸಂಖ್ಯೆ ಬಳಸ್ತಿರ್ಲಿಲ್ಲ, ಹಾಗಾಗಿ ಸಮೀಕರಣದ ಒಂದೊಂದು ರೂಪಕ್ಕೂ ಬೇರೆ ಬೇರೆ ರೇಖೆ ಎಳೀಬೇಕಿತ್ತು. ಬರೀ ಲೆಕ್ಕದಿಂದ ಬಿಡಿಸೋದು ನಮ್ಗೆ ಸಿಕ್ಕಿಲ್ಲ, ಮುಂದೆ ಬರೋರಿಗೆ ಸಿಗಬಹುದು ಅಂತ ಬರೆದೂ ಇಟ್ಟ. ಸಿಕ್ಕಿದ್ದು 16ನೇ ಶತಮಾನದ ಇಟಲಿಯಲ್ಲಿ. ಎಂಥಾ ಪ್ರಾಮಾಣಿಕತೆ ನೋಡಿ.

ಕ್ಯಾಲೆಂಡರ್ ವಿಷ್ಯನೂ ನಿಜ. ಸುಲ್ತಾನ ಮಲಿಕ್ ಶಾ ಇಸ್ಫಹಾನ್‌ಗೆ ಕರೆಸ್ಕೊಂಡ, 1079ರಲ್ಲಿ ಜಲಾಲಿ ಪಂಚಾಂಗ ಜಾರಿಗೆ ಬಂತು. ವಸಂತ ವಿಷುವಕ್ಕೇ, ಅಂದ್ರೆ ಮಾರ್ಚಲ್ಲಿ ಹಗಲು ರಾತ್ರಿ ಸಮ ಆಗೋ ದಿನಕ್ಕೇ, ಹೊಸ ವರ್ಷ. ಇರಾನಿನ ಇವತ್ತಿನ ಕ್ಯಾಲೆಂಡರ್ ಬೇರು ಅಲ್ಲೇ ಇದೆ.

ಹಳೇ ಪುಟ:
ಮೇಷ್ಟ್ರ ಮಾತಿಗೆ ಇನ್ನೊಂದು ಸೇರಿಸ್ತೀನಿ. ನಿಜಾಮಿ ಅರೂಜಿ ಅನ್ನೋ ಪರ್ಷಿಯನ್ ಲೇಖಕ ಖಯ್ಯಾಮನನ್ನ ಕಣ್ಣಾರೆ ಕಂಡೋನು. ನನ್ನ ಗೋರಿ ಮೇಲೆ ವರ್ಷಕ್ಕೆರಡು ಸಲ ಮರಗಳು ಹೂ ಉದುರಿಸ್ತವೆ ಅಂತ ಖಯ್ಯಾಮ್ ಹೇಳಿದ್ನಂತೆ, ಅವನು ಸತ್ತ ಮೇಲೆ ಅರೂಜಿ ನಿಶಾಪುರಕ್ಕೆ ಹೋಗಿ ನೋಡಿದ್ರೆ ತೋಟದ ಗೋಡೆಯಿಂದಾಚೆ ಚಾಚಿದ ಪಿಯರ್, ಏಪ್ರಿಕಾಟ್ ಮರಗಳ ಹೂವಲ್ಲಿ ಗೋರಿ ಮುಚ್ಚೇಹೋಗಿತ್ತು. ಇಷ್ಟು ಪ್ರೀತಿಯಿಂದ ಬರೆದೋನು ಅವನನ್ನ ಇಟ್ಟಿರೋದು ತನ್ನ ಪುಸ್ತಕದ ಜ್ಯೋತಿಷಿಗಳ ಅಧ್ಯಾಯದಲ್ಲಿ, ಕವಿಗಳ ಅಧ್ಯಾಯದಲ್ಲಿ ಅಲ್ಲ.

ಓದೋ ಹುಚ್ಚು:
ಅಯ್ಯೋ, ಹಂಗಾದ್ರೆ ಡಿವಿಜಿ ಕನ್ನಡಕ್ಕೆ ತಂದಿದ್ದು ಯಾರ ಪದ್ಯ?

ಹಳೇ ಪುಟ:
ಡಿವಿಜಿ ಹಿಡಿದಿದ್ದು ಫಿಟ್ಸ್‌ಜೆರಾಲ್ಡ್‌ನ ಇಂಗ್ಲಿಷ್ ಅನುವಾದದ ದಾರಿ. ಅವನು 1859ರಲ್ಲಿ 75 ಪದ್ಯ ಅಚ್ಚು ಹಾಕಿಸ್ದ. ಅವನು ಮುಖ್ಯವಾಗಿ ನೆಚ್ಚಿದ ಆಕ್ಸ್‌ಫರ್ಡ್‌ನ ಹಸ್ತಪ್ರತಿ 1460ರ ಹೊತ್ತಿಂದು, ಖಯ್ಯಾಮ್ ತೀರ್ಕೊಂಡಿದ್ದು 1131. ನಡುವೆ 300 ವರ್ಷಕ್ಕೂ ಜಾಸ್ತಿ, ಯಾರ್ಯಾರದೋ ಪದ್ಯ ಅವನ ಹೆಸರಿಗೆ ಸೇರ್ಕೊಂಡಿವೆ. ಹಂಗಂತ ಎಲ್ಲಾನೂ ತಳ್ಳಿಹಾಕೋಕಾಗಲ್ಲ. 1220ರ ದಶಕದಲ್ಲೇ ನಜ್ಮುದ್ದೀನ್ ರಾಜಿ ಅನ್ನೋ ಸೂಫಿ ಅವನ ಎರಡು ಪದ್ಯ ಎತ್ತಿ ಬರೆದಿದಾನೆ, ಹೊಗಳೋಕಲ್ಲ, ಇವನು ದಾರಿ ತಪ್ಪಿದೋನು ಅಂತ ಬೈಯೋಕೆ. ಕೆಡಿಸಿ ಮತ್ತೆ ಸಾಯಿಸೋದೇ ಆದ್ರೆ ಸೃಷ್ಟಿಕರ್ತ ಮಾಡಿದ್ದಾದ್ರೂ ಯಾಕೆ ಅಂತ ಕೇಳೋ ಪದ್ಯ ಅದ್ರಲ್ಲೊಂದು. ನಾನು ಇವನನ್ನ ಕವಿ ಅಂತ ನಂಬೋದು ಅದೊಂದರಿಂದ್ಲೇ.