ಕ್ಲಬ್ಬಿನ ಔತಣಕ್ಕೆ ಹಳೆಯ ಪದ್ಧತಿಯ ರಿಯೋಹಾ ವೈನ್: ನಡೆಸಿದವರು ಅನುಭವ ಹೇಳಿ

ವಿದ್ಯಾನಗರದ ಸದಸ್ಯ: ನಮ್ಮ ಕ್ಲಬ್ಬಿನ ವಾರ್ಷಿಕ ಔತಣ ಏಪ್ರಿಲ್ ಕೊನೆಗೆ, ದಾವಣಗೆರೆಯಲ್ಲಿ. ಈ ಸಲ ಸ್ಪೇನಿನ ರಿಯೋಹಾ ಪ್ರಾಂತ್ಯದ ಲೋಪೆಸ್ ದೆ ಎರೆದಿಯಾ ಮನೆತನದ ಟೊಂಡೋನಿಯಾ ವೈನ್ ಇಡಲು ಸಮಿತಿ ಒಪ್ಪಿದೆ. 1877ರಿಂದ ಹಳೆಯ ಪದ್ಧತಿ ಬಿಡದವರು, ಪೀಪಾಯಿಗಳನ್ನೂ ತಮ್ಮಲ್ಲೇ ಮಾಡಿಕೊಳ್ಳುವವರು. ನಲವತ್ತು ಜನ, ಹೆಚ್ಚಿನವರು ಸಸ್ಯಾಹಾರಿಗಳು. ಎಷ್ಟು ಬಾಟಲಿ ತರಿಸಬೇಕು, ಊಟಕ್ಕೆ ಏನಿರಬೇಕು? ದಯವಿಟ್ಟು ತಿಳಿಸಿ.

ಹಳೆಯ ಖಜಾಂಚಿ: ಏಪ್ರಿಲ್ ಎಂದು ಓದಿದ ಕೂಡಲೇ ಎದೆ ಧಸಕ್ಕೆಂದಿತು. ನಮ್ಮ ಕ್ಲಬ್ಬಿಗೂ ರಿಯೋಹಾದ ಗ್ರಾನ್ ರಿಸರ್ವಾ, ಅಂದರೆ ಬಹುಕಾಲ ಮಾಗಿಸಿದ ಮೇಲ್ದರ್ಜೆಯ ವೈನ್, ತರಿಸಿದ್ದೆವು, ಲೆಕ್ಕ ಬರೆದವನು ನಾನು. ಆಗ ವೈನಿಗೆ ಆಮದು ಸುಂಕವೇ ಶೇ. 150. ಅದರ ಮೇಲೆ ರಾಜ್ಯದ ಅಬಕಾರಿ, ವ್ಯಾಪಾರಿಯ ಲಾಭ. ಬೆಂಗಳೂರಿನಲ್ಲಿ ಕೈಗೆ ಬರುವಾಗ ಒಂದು ಬಾಟಲಿ 9,000 ರೂಪಾಯಿ. ಇಷ್ಟು ಕೊಟ್ಟ ಮೇಲೆ ಸಾಗಣೆಯವನು ಮಾಡಿದ್ದೇನು? ಹಿರಿಯೂರಿನ ಹತ್ತಿರ ಊಟಕ್ಕೆಂದು ಇಳಿದು ಗಾಡಿಯನ್ನು ನಡುಹಗಲಿನ ಬಿಸಿಲಿಗೆ ನಿಲ್ಲಿಸಿಬಿಟ್ಟ. ಇಲ್ಲಿ ಪೆಟ್ಟಿಗೆ ಬಿಚ್ಚಿದರೆ ಮೂರು ಬಾಟಲಿಗಳ ಬಿರಡೆ ಮೇಲೆದ್ದಿತ್ತು. ಜಿನುಗಿದ ವೈನ್ ಲೇಬಲ್ಲಿನ ಮೇಲೆ ಕಂದು ಗೆರೆಯಾಗಿ ಒಣಗಿತ್ತು. ಬಾಯಿಗಿಟ್ಟರೆ ಬೇಯಿಸಿದ ಹಣ್ಣಿನ ರುಚಿ. 27,000 ರೂಪಾಯಿ ನೀರುಪಾಲು. ಪರಿಹಾರ ಕೇಳಿದರೆ ‘ಬಾಟಲಿ ಒಡೆದಿಲ್ಲವಲ್ಲ ಸರ್’ ಎಂದ.

ಉಳಿದ ಖರ್ಚನ್ನೂ ಬರೆದುಕೊಳ್ಳಿ. ಗ್ಲಾಸ್ ಬಾಡಿಗೆ ಒಂದಕ್ಕೆ 35, ಒಡೆದರೆ 420. ಮಂಜುಗಡ್ಡೆ 1,800. ಬಾಟಲಿ ಇಟ್ಟ ಕೋಣೆಯ ಎ.ಸಿ. ನಿಲ್ಲಬಾರದೆಂದು ಜನರೇಟರಿಗೆ ಡೀಸೆಲ್ 2,600. ಇದನ್ನೆಲ್ಲ ಯಾವ ಸಮಿತಿಯೂ ಅಂದಾಜಿನಲ್ಲಿ ಸೇರಿಸುವುದಿಲ್ಲ. ಕೆಂಪು ವೈನನ್ನು 16ರಿಂದ 18 ಡಿಗ್ರಿಯಲ್ಲಿ ಬಡಿಸಬೇಕು. ನಮ್ಮ ಸಭಾಂಗಣದಲ್ಲಿ ರಾತ್ರಿ ಒಂಬತ್ತಕ್ಕೂ ಗೋಡೆ ಮುಟ್ಟಿದರೆ ಬಿಸಿ.

ದುರ್ಗದವ: ಖಜಾಂಚಿಗಳು ಮಂಜುಗಡ್ಡೆಯ ಲೆಕ್ಕ ಕೊಟ್ಟರು, ಊಟದ ಮಾತೇ ಇಲ್ಲ. ಔತಣ ಗೆಲ್ಲುವುದೂ ಸೋಲುವುದೂ ಅಡುಗೆಮನೆಯಲ್ಲಿ. ಚಿತ್ರದುರ್ಗದಲ್ಲಿ ನಾವು ಮಾಡಿದಾಗ, ಬೇಡವೆಂದು ಬರೆದುಕೊಟ್ಟಿದ್ದರೂ ಅಡುಗೆ ಗುತ್ತಿಗೆದಾರ ಮೊದಲ ಸುತ್ತಿಗೇ ಮೆಣಸಿನಕಾಯಿ ಬಜ್ಜಿ, ಖಾರ ಮಂಡಕ್ಕಿ ಹಂಚಿಸಿದ. ಖಾರ ತಿಂದ ನಾಲಗೆಗೆ ಮದ್ಯಸಾರ ಉರಿಯುತ್ತದೆ, ಕೆಂಪು ವೈನಿನ ಒಗರು ಇಮ್ಮಡಿಯಾಗುತ್ತದೆ. ವರ್ಷಗಟ್ಟಲೆ ಮಾಗಿದ ಟೊಂಡೋನಿಯಾವನ್ನು ಜನ ಗಟಗಟ ನುಂಗಿ ‘ಹುಳಿಯಾಗಿದೆ’ ಎಂದರು. ಹೊಟ್ಟೆ ಉರಿದುಹೋಯಿತು. ನಾನೇ ಒಳಗೆ ಹೋಗಿ ಬಜ್ಜಿ ನಿಲ್ಲಿಸಿ ಹೆಂಚು ಕಾಯಿಸಿದೆ. ಬೆಣ್ಣೆ ದೋಸೆ, ಆಲೂಗಡ್ಡೆ ಪಲ್ಯ, ಹಸಿಮೆಣಸು ಹಾಕದ ಕಾಯಿ ಚಟ್ನಿ. ಆ ಮನೆತನದವರು ಬಳಸುವುದು ಅಮೆರಿಕದ ಓಕ್ ಮರ. ಆ ಮರದಿಂದ ವೈನಿಗೆ ಕೊಬ್ಬರಿಯ ಪರಿಮಳ ಬರುತ್ತದೆ. ಬೆಣ್ಣೆ ಹೀರಿ ಗರಿಗರಿಯಾದ ದೋಸೆಯ ಅಂಚನ್ನು ಮುರಿದು ಚಟ್ನಿಗೆ ಅದ್ದಿ ತಿಂದು, ಮೇಲೆ ಬಿಳಿ ಟೊಂಡೋನಿಯಾದ ಒಂದು ಗುಟುಕು. ಬಜ್ಜಿ ತಿಂದು ಮುಖ ಕಿವುಚಿದ್ದವರೇ ಎರಡನೆಯ ಸಲ ಗ್ಲಾಸ್ ಚಾಚಿದರು.

ನಿವೃತ್ತ ಉಪನ್ಯಾಸಕಿ: ಕೆಂಪು ವೈನನ್ನು ಮೊಟ್ಟೆಯ ಬಿಳಿಯಿಂದ ತಿಳಿಗೊಳಿಸುವುದು ರಿಯೋಹಾದ ಹಳೆಯ ರೂಢಿ. ಆ ಲೋಳೆ ಒಗರಿನ ಅಂಶವನ್ನು ಹಿಡಿದುಕೊಂಡು ಪೀಪಾಯಿಯ ತಳಕ್ಕಿಳಿಯುತ್ತದೆ, ಮೇಲಿನ ತಿಳಿಯನ್ನಷ್ಟೇ ತೆಗೆಯುತ್ತಾರೆ. ನಮ್ಮ ಮಹಿಳಾ ವಿಭಾಗದ ಊಟದಲ್ಲಿ ಈ ಸಂಗತಿ ಎರಡನೆಯ ಗ್ಲಾಸಿನ ನಂತರ ಹೊರಬಿತ್ತು. ಹಿರಿಯ ಸದಸ್ಯೆಯೊಬ್ಬರು ಎದ್ದುಹೋಗಿ ಬಾಯಿ ಮುಕ್ಕಳಿಸಿದರು. ಇಂದಿಗೂ ನನ್ನೊಂದಿಗೆ ಮಾತನಾಡುವುದಿಲ್ಲ. ನಾನು ಕೇಳಿದಾಗ ‘ಶುದ್ಧ ಸಸ್ಯಾಹಾರಿ’ ಎಂದು ಆಣೆಯಿಟ್ಟ ವ್ಯಾಪಾರಿಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಮೊಟ್ಟೆಯ ವಿಷಯವನ್ನು ಆಹ್ವಾನ ಪತ್ರಿಕೆಯಲ್ಲೇ ಅಚ್ಚು ಹಾಕಿಸಿ.

ಹಳೆಯ ಖಜಾಂಚಿ: ಮೇಡಂ, ತಳಕ್ಕಿಳಿದದ್ದನ್ನು ಬಿಟ್ಟೇ ಬಾಟಲಿಗೆ ತುಂಬುತ್ತಾರೆ ಎಂದು ನೀವೇ ಬರೆದಿದ್ದೀರಿ. ಅಷ್ಟಕ್ಕೆ ಇಡೀ ಔತಣವನ್ನೇ ಮೈಲಿಗೆ ಎಂದರೆ ಹೇಗೆ?

ನಿವೃತ್ತ ಉಪನ್ಯಾಸಕಿ: ಮೈಲಿಗೆ ಎಂದು ನಾನು ಎಲ್ಲಿ ಬರೆದೆ ಸರ್? ಸಸ್ಯಾಹಾರದ ನಿಯಮ ಉಣ್ಣುವವರದು, ತೀರ್ಮಾನವೂ ಅವರದೇ ಆಗಬೇಕು. ಮುಚ್ಚಿಟ್ಟು ಬಡಿಸುವ ಹಕ್ಕು ಯಾರಿಗೂ ಇಲ್ಲ.

ಹತ್ತಿ ವ್ಯಾಪಾರಿ: ಇಷ್ಟೆಲ್ಲ ಪಡಿಪಾಟಲು ಏಕೆ? ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ನಮ್ಮ ರಾಜ್ಯದಲ್ಲಿ 2007ರಲ್ಲೇ ಬಂದಿದೆ. ನಂದಿ ಬೆಟ್ಟದ ತಪ್ಪಲಿನಲ್ಲಿ, ವಿಜಯಪುರದ ಕಡೆ ವೈನ್ ದ್ರಾಕ್ಷಿ ಬೆಳೆಯುತ್ತಾರೆ. ನಮ್ಮ ವರ್ತಕರ ಕೂಟದಲ್ಲಿ ನಂದಿ ತಪ್ಪಲಿನ ಕೆಂಪು ವೈನ್, ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರನ್ನ ಇಟ್ಟೆವು. ತಲೆಗೆ 900 ರೂಪಾಯಿಯಲ್ಲಿ ಮುಗಿಯಿತು. ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಿಕೆಯೂ ಸಿಕ್ಕಿದೆ. ಮನೆಯಂಗಳದ ಬೆಳೆ ಬಿಟ್ಟು ಸಮುದ್ರದಾಚೆಗೆ ದುಡ್ಡು ಸುರಿಯುವುದನ್ನು ನಾನು ಒಪ್ಪುವುದಿಲ್ಲ.

ದುರ್ಗದವ: ಅಣ್ಣಾ, ಬೆಂಗಳೂರು ನೀಲಿ ಹಣ್ಣಿನ ರಸಕ್ಕೆ, ಜಾಮಿಗೆ ಹೇಳಿಮಾಡಿಸಿದ ದ್ರಾಕ್ಷಿ. ರಿಯೋಹಾದಲ್ಲಿ ಕೆಂಪು ವೈನನ್ನು ಗ್ರಾನ್ ರಿಸರ್ವಾ ಎನ್ನಬೇಕಾದರೆ ಕನಿಷ್ಠ ಐದು ವರ್ಷ ಮಾಗಿಸಬೇಕು, ಅದರಲ್ಲಿ ಎರಡು ವರ್ಷ ಪೀಪಾಯಿಯಲ್ಲಿ. ಟೊಂಡೋನಿಯಾ ಮನೆತನದವರು ಅದಕ್ಕಿಂತ ಕೆಳಗಿನ ದರ್ಜೆಯಾದ ರಿಸರ್ವಾವನ್ನೇ ಸುಮಾರು ಆರು ವರ್ಷ ಪೀಪಾಯಿಯಲ್ಲಿಡುತ್ತಾರೆ. ಆ ತಾಳ್ಮೆಯ ಬೆಲೆಯನ್ನು ತಲೆಗೆ ಇಷ್ಟೆಂದು ಭಾಗಿಸಬೇಡಿ.

ಹತ್ತಿ ವ್ಯಾಪಾರಿ: ನಮ್ಮ ರೈತರ ಬೆಳೆಯನ್ನು ಹೀಗಳೆಯುವ ಮೊದಲು ಯೋಚಿಸಿ ಸ್ವಾಮಿ. ದಾವಣಗೆರೆಯವರಿಗೆ ಬೆಣ್ಣೆ ದೋಸೆಯ ಪಾಠವನ್ನೂ ನೀವೇ ಹೇಳುತ್ತಿದ್ದೀರಿ! ಹಸಿಮೆಣಸು ಹಾಕದ್ದನ್ನು ನಮ್ಮಲ್ಲಿ ಚಟ್ನಿ ಎನ್ನುವುದಿಲ್ಲ.

ದುರ್ಗದವ: ಹೆಂಚು, ಬೆಣ್ಣೆ ಯಾವ ಊರಿನ ಸ್ವತ್ತೂ ಅಲ್ಲ. ಬಂದು ತಿಂದು ಮಾತನಾಡಿ.

ಪಿ.ಜೆ. ಬಡಾವಣೆಯ ವಕೀಲ: ದೋಸೆಯ ಜಗಳ ಸಾಕು. ಕ್ಲಬ್ಬಿನ ಮದ್ಯದ ಸನ್ನದು ಸಿಎಲ್-4, ಅದು ಕ್ಲಬ್ಬಿನ ಆವರಣಕ್ಕಷ್ಟೇ. ಔತಣವನ್ನು ಹೊರಗಿನ ಸಭಾಂಗಣದಲ್ಲಿ ಇಟ್ಟುಕೊಂಡರೆ ಸಿಎಲ್-5 ತಾತ್ಕಾಲಿಕ ಸನ್ನದು ಪಡೆಯಬೇಕು. ನಮ್ಮಲ್ಲಿ ಸನ್ನದು ಕೈಗೆ ಬಂದದ್ದು ಔತಣದ ಸಂಜೆ ಏಳಕ್ಕೆ. ಅಲ್ಲಿಯವರೆಗೆ ಒಂದು ಬಿರಡೆಯನ್ನೂ ತೆಗೆಯಲು ನಾನು ಬಿಡಲಿಲ್ಲ. ಅಧ್ಯಕ್ಷರು ಎಲ್ಲರೆದುರು ಕೂಗಾಡಿದರು. ಕೂಗಾಡಲಿ, ಕಾಗದವಿಲ್ಲದೆ ಸಿಕ್ಕಿಬಿದ್ದರೆ ಅವರನ್ನು ಬಿಡಿಸಬೇಕಾದವನು ನಾನೇ.

ದುರ್ಗದವ: ಬಾಟಲಿಯ ಲೆಕ್ಕ ಯಾರೂ ಹೇಳಲಿಲ್ಲ. 750 ಮಿ.ಲೀ. ಬಾಟಲಿಯಿಂದ 75 ಮಿ.ಲೀ.ನಂತೆ ಹತ್ತು ಜನಕ್ಕೆ. ನಲವತ್ತು ಜನಕ್ಕೆ ವೈನಿನ ಒಂದೊಂದು ಬಗೆಯಲ್ಲಿ ನಾಲ್ಕು ಬಾಟಲಿ ಸಾಕು. ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡಿ, ಗಸಿ ತಳ ಸೇರಲಿ.

ಹಳೆಯ ಖಜಾಂಚಿ: ನಾಲ್ಕು ಸಾಕು ಎನ್ನುವವರು ಬಿರಡೆ ಕೆಟ್ಟ ಬಾಟಲಿಯನ್ನು ಕಂಡಿಲ್ಲ. ಬಿಸಿಲಿನಿಂದ ಪಾರಾಗಿ ಬಂದವುಗಳಲ್ಲೇ ಒಂದು ನೆನೆದ ರಟ್ಟಿನ ವಾಸನೆ ಹೊಡೆಯಿತು.

ದುರ್ಗದವ: ಹೂಜಿಗೆ ಬಗ್ಗಿಸಿ ಒಂದು ಗಂಟೆ ಗಾಳಿಗಿಟ್ಟಿದ್ದರೆ ಹೋಗುತ್ತಿತ್ತು.

ಹಳೆಯ ಖಜಾಂಚಿ: ಹೋಗುವುದಿಲ್ಲ! ಬಿರಡೆಯಿಂದ ವೈನಿಗಿಳಿದ ಆ ವಾಸನೆ ಎಷ್ಟು ಗಾಳಿಗಿಟ್ಟರೂ ಹೋಗುವುದಿಲ್ಲ. ಗಂಟೆಗಟ್ಟಲೆ ಗಾಳಿಗಿಟ್ಟರೆ ಹಳೆಯ ವೈನಿನಲ್ಲಿ ಉಳಿದ ಪರಿಮಳವೂ ಆರಿಹೋಗುತ್ತದೆ. ವಿದ್ಯಾನಗರದವರೇ, ಇವರ ಮಾತು ಕೇಳಬೇಡಿ. ಬಗೆಗೆ ಐದು ತರಿಸಿ. ಬಿರಡೆ ಕೆಟ್ಟಿದ್ದರೆ ಬದಲಿ ಕೊಡುತ್ತೇನೆಂದು ವ್ಯಾಪಾರಿಯಿಂದ ರಸೀದಿಯ ಮೇಲೇ ಬರೆಸಿಕೊಳ್ಳಿ. ನಮಗೆ ಬಾಯಿಮಾತಿನಲ್ಲಿ ಹೇಳಿದವನು ಆಮೇಲೆ ಫೋನ್ ಎತ್ತಲಿಲ್ಲ.